ಜಮೀನು ಉಳಿಯಿತು, ಬಂಡವಾಳ ಎಲ್ಲಿ?

ಚನ್ನರಾಯಪಟ್ಟಣ ಹೋಬಳಿಯ ಸಣ್ಣ ಉದ್ದಿಮೆಗೆ ಸರ್ಕಾರಿ ಯೋಜನೆಗಳ ಬರ ಇಲ್ಲ. ಆದರೆ ಒಂದು ಫೈಲಿನಲ್ಲಿ ಈ ಊರು ಹಳ್ಳಿ, ಇನ್ನೊಂದರಲ್ಲಿ ಬೆಂಗಳೂರು. ನಡುವೆ ಅಲೆಯುವುದು ಅರ್ಜಿದಾರ.

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ರೈತ ಮುಖಂಡರನ್ನು ಕರೆಸಿ ಹೇಳಿದರು: ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿದೆ. 2022ರ ಏಪ್ರಿಲ್‌ನಲ್ಲಿ ಶುರುವಾದ ಧರಣಿಗೆ ಆ ಹೊತ್ತಿಗೆ 1,198 ದಿನ ತುಂಬಿತ್ತು. ಅದುವರೆಗೆ ಚನ್ನರಾಯಪಟ್ಟಣ ಎಂದರೆ ಹಾಸನ ಜಿಲ್ಲೆಯದೊಂದೇ ಎಂದುಕೊಂಡಿದ್ದ ಎಷ್ಟೋ ಜನರಿಗೆ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇನ್ನೊಂದು ಇದೆ ಎಂದು ಗೊತ್ತಾದದ್ದು ಈ ಹೋರಾಟದಿಂದ.

ವೈಮಾಂತರಿಕ್ಷ ಉದ್ಯಮಕ್ಕೆಂದು ಗುರುತಿಸಿದ್ದ ಭೂಮಿ ಅದು. ಬೇಡ ಎಂದವರ ವಾದ ಸರಳವಾಗಿತ್ತು. ಈ ನೆಲ ದ್ರಾಕ್ಷಿ ಕೊಡುತ್ತದೆ, ತರಕಾರಿ, ಹೂವು, ರಾಗಿ ಕೊಡುತ್ತದೆ, ಹಿಪ್ಪುನೇರಳೆ ಇದೆ, ಹಟ್ಟಿಯಲ್ಲಿ ಹಸು ಇದೆ, ಬದುಕು ನಡೆಯುತ್ತಿದೆ. ಸರ್ಕಾರ ಆ ವಾದವನ್ನು ಒಪ್ಪಿತು. ಒಪ್ಪಿದ ಮೇಲೆ ಕೇಳಬೇಕಾದ ಮುಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ಎರಡು ಎಕರೆಯಲ್ಲಿ ಅಪ್ಪ, ಇಬ್ಬರು ಮಕ್ಕಳು, ಸೊಸೆಯಂದಿರು ಎಲ್ಲರೂ ಬಾಳುವುದಕ್ಕಾಗದು. ಒಬ್ಬ ವೆಲ್ಡಿಂಗ್ ಶಾಪ್ ಇಡಬೇಕು, ಒಬ್ಬಳು ಹೊಲಿಗೆ ಅಂಗಡಿ ತೆರೆಯಬೇಕು, ಇನ್ನೊಬ್ಬರು ಗಾಣ ಹಾಕಬೇಕು. ಜಮೀನು ಉಳಿಸಿಕೊಂಡ ಹೋಬಳಿಯಲ್ಲಿ ಈ ಅಂಗಡಿ, ಗಾಣ, ಶೆಡ್ಡುಗಳಿಗೆ ಬಂಡವಾಳ ಎಲ್ಲಿಂದ ಬರುತ್ತದೆ?

ದೊಡ್ಡವರಿಗೆ ಒಂದೇ ಕಿಟಕಿ

ಬಂಡವಾಳ ದೊಡ್ಡದಾದಷ್ಟೂ ದಾರಿ ಸಲೀಸು. 500 ಕೋಟಿ ರೂಪಾಯಿ ದಾಟಿದ ಹೂಡಿಕೆಯ ಪ್ರಸ್ತಾವ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೇ ಹೋಗುತ್ತದೆ. 15 ಕೋಟಿಯಿಂದ 500 ಕೋಟಿವರೆಗಿನದಕ್ಕೆ ರಾಜ್ಯ ಮಟ್ಟದ ಏಕಗವಾಕ್ಷಿ ಸಮಿತಿ. 15 ಕೋಟಿವರೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ನೀರು, ವಿದ್ಯುತ್, ಮಾಲಿನ್ಯ ನಿಯಂತ್ರಣ ಮಂಡಳಿ, ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಐದು ಲಕ್ಷದ ಹಿಟ್ಟಿನ ಗಿರಣಿಯವನು ಮಾತ್ರ ಮೇಜಿಂದ ಮೇಜಿಗೆ ತಾನೇ ನಡೆಯಬೇಕು. ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ, ಬೇಕೆಂದರೆ ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಖಾದಿ ಮಂಡಳಿ. ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಬೇಕೆಂದರೆ ಕೃಷಿ ಇಲಾಖೆ ಮತ್ತು ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತು ನಿಗಮವಾದ ಕೆಪೆಕ್. ಹೆಣ್ಣುಮಕ್ಕಳ ‘ಉದ್ಯೋಗಿನಿ’ ಬೇಕೆಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ. ಜಾತಿವಾರು ಅಭಿವೃದ್ಧಿ ನಿಗಮಗಳು ಬೇರೆ. ಸಂಘದ ಸಾಲಕ್ಕೆ ‘ಸಂಜೀವಿನಿ’ ಒಕ್ಕೂಟ. ಮುದ್ರಾ ಸಾಲಕ್ಕೆ ನೇರ ಬ್ಯಾಂಕು. ಪ್ರತಿ ಕಡೆ ಆಧಾರ್ ಅದೇ, ರೇಷನ್ ಕಾರ್ಡ್ ಅದೇ, ಜೆರಾಕ್ಸ್ ಮಾತ್ರ ಹೊಸದು.

ಈ ಯೋಜನೆಗಳು ಕೆಟ್ಟವೆಂದಲ್ಲ. ಕೆಲವಂತೂ ಬಹಳ ಉದಾರವಾಗಿವೆ. ತೊಡಕಿರುವುದು ಬೇರೆ ಜಾಗದಲ್ಲಿ.

ಹಳ್ಳಿಯೂ ಹೌದು, ಬೆಂಗಳೂರೂ ಹೌದು

ಚನ್ನರಾಯಪಟ್ಟಣ ಗ್ರಾಮ ಪಂಚಾಯಿತಿ ಆಡಳಿತದ ಊರು. ಹಾಗಾಗಿ ಪಿಎಂಇಜಿಪಿ ಲೆಕ್ಕದಲ್ಲಿ ಅದು ಗ್ರಾಮೀಣ ಪ್ರದೇಶ. ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ 25ರಷ್ಟು ಸಹಾಯಧನ. ಮಹಿಳೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಅಂಗವಿಕಲ, ಮಾಜಿ ಸೈನಿಕರಿಗೆ ಶೇ 35. ಅದೇ ಘಟಕವನ್ನು ಪಕ್ಕದ ವಿಜಯಪುರ ಅಥವಾ ದೇವನಹಳ್ಳಿ ಪುರಸಭೆಯ ಗಡಿಯೊಳಗೆ ಹಾಕಿದರೆ ಕ್ರಮವಾಗಿ ಶೇ 15 ಮತ್ತು 25.

ರಾಜ್ಯದ ಕೈಗಾರಿಕಾ ನೀತಿಯ ಪುಟ ತಿರುಗಿಸಿದರೆ ಊರಿನ ಗುರುತೇ ಬದಲಾಗುತ್ತದೆ. 2025–30ರ ನೀತಿಯೂ ಅದರ ಹಿಂದಿನದೂ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಎರಡನ್ನೂ ಮೂರನೇ ವಲಯಕ್ಕೆ ಹಾಕಿವೆ. ಉದ್ದೇಶ ಅರ್ಥವಾಗುವಂಥದ್ದೇ: ಬಂಡವಾಳ ಬೆಂಗಳೂರು ಬಿಟ್ಟು ಕಲಬುರಗಿ, ರಾಯಚೂರಿನ ಕಡೆಗೂ ಹೋಗಲಿ, ಹೆಚ್ಚಿನ ಪ್ರೋತ್ಸಾಹ ಅಲ್ಲಿಗೇ ಸಿಗಲಿ. ಆದರೆ ಈ ಬಲೆಯಲ್ಲಿ ದೊಡ್ಡ ಕಂಪನಿಯ ಜೊತೆಗೆ ಹೋಬಳಿಯ ಸಣ್ಣ ಶೆಡ್ಡೂ ಸಿಕ್ಕಿಬೀಳುತ್ತದೆ. ಕಂಪನಿ ಬೇಕಾದರೆ ಜಿಲ್ಲೆ ಬದಲಿಸೀತು. ಸ್ವಂತ ಮನೆಯ ಹಿತ್ತಲಲ್ಲಿ ಶೆಡ್ ಹಾಕಿಕೊಂಡವನು ಎಲ್ಲಿಗೆ ಹೋಗುತ್ತಾನೆ?

ಬೀದಿಬದಿ ವ್ಯಾಪಾರಿಗಳ ‘ಪಿಎಂ ಸ್ವನಿಧಿ’ ಇದಕ್ಕೆ ತದ್ವಿರುದ್ಧ. 2020ರ ಜೂನ್‌ನಲ್ಲಿ, ಕೋವಿಡ್ ನಡುವೆ ಶುರುವಾದ ಈ ಯೋಜನೆ ನಗರದ ವ್ಯಾಪಾರಿಗಳಿಗೆಂದೇ ಹುಟ್ಟಿದ್ದು. ಮೊದಲ ಕಂತು 10,000, ತೀರಿಸಿದರೆ 20,000, ಆಮೇಲೆ 50,000 ರೂಪಾಯಿ. ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ 7ರ ಸಹಾಯ. 2025ರ ಆಗಸ್ಟ್‌ನಲ್ಲಿ ಮೊದಲೆರಡು ಕಂತುಗಳನ್ನು 15,000 ಮತ್ತು 25,000ಕ್ಕೆ ಏರಿಸಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಲಾಯಿತು. ನಗರದಂಚಿನ ಪ್ರದೇಶಗಳಿಗೂ ಹಂತಹಂತವಾಗಿ ವಿಸ್ತರಿಸುವ ಮಾತೂ ಬಂತು. ಆದರೆ ಮೊದಲ ಐದು ವರ್ಷ, ಹೋಬಳಿ ಕೇಂದ್ರದ ಬಸ್ ಸ್ಟಾಪಿನಲ್ಲಿ ಸೊಪ್ಪು ಮಾರುವವಳಿಗೆ ಇದರಲ್ಲಿ ಜಾಗವಿರಲಿಲ್ಲ. ಅವಳೇ ಬುಟ್ಟಿ ಹೊತ್ತು ವಿಜಯಪುರದ ಪೇಟೆಗೆ ಹೋಗಿ ಮಾರಿದರೆ, ಪುರಸಭೆ ಶಿಫಾರಸು ಪತ್ರ ಕೊಟ್ಟರೆ ಸಾಲ ಸಿಗುತ್ತಿತ್ತು. ಸೊಪ್ಪು ಅದೇ, ಕೈ ಅದೇ. ನಿಂತ ಜಾಗ ಯಾರದೆಂಬುದರ ಮೇಲೆ ಹಣ.

ಸ್ವಾಧೀನ ಕೈಬಿಡುವ ಘೋಷಣೆಗೆ ಎರಡು ವಾರ ಮುಂಚೆ, ನಂದಿ ಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿತು. ಹೆಸರಿನಿಂದ ‘ಗ್ರಾಮಾಂತರ’ ಹೋದ ಮಾತ್ರಕ್ಕೆ ಪಿಎಂಇಜಿಪಿ ಸಬ್ಸಿಡಿ ಇಳಿಯುವುದಿಲ್ಲ. ಅದನ್ನು ಇಳಿಸುವುದು ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದ ದಿನ. ನಗರ ಹರಡುತ್ತಿರುವ ವೇಗ ನೋಡಿದರೆ ಆ ದಿನ ದೂರವಿಲ್ಲ. ನಮ್ಮೂರು ಮೇಲ್ದರ್ಜೆಗೇರಲಿ ಎಂದು ಮನವಿ ಕೊಡುವ ಮುಖಂಡರು ಈ ಲೆಕ್ಕವನ್ನೂ ಒಮ್ಮೆ ಹಾಕುವುದು ಒಳ್ಳೆಯದು.

ಹತ್ತು ಲಕ್ಷದ ಗಾಣ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೋಬಳಿಯ ಒಬ್ಬ ಗೃಹಿಣಿ 10 ಲಕ್ಷ ರೂಪಾಯಿಯಲ್ಲಿ ಎಣ್ಣೆ ಗಾಣ ಹಾಕಬೇಕೆಂದಿದ್ದಾರೆ. ಪಿಎಂಇಜಿಪಿಯಲ್ಲಿ ಅವರು ತಮ್ಮ ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 50,000. ಉಳಿದ 9.5 ಲಕ್ಷ ಬ್ಯಾಂಕ್ ಸಾಲ. ಶೇ 35ರ ಸಹಾಯಧನ 3.5 ಲಕ್ಷ. ಇದು ಅವರ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವರ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಸಿಗದು. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಮೂರು ವರ್ಷವಾದ ಮೇಲೆ ಯಾರಾದರೂ ಬಂದು ಗಾಣ ತಿರುಗುತ್ತಿದೆಯೇ ಎಂದು ನೋಡಿ ವರದಿ ಕೊಟ್ಟರೆ ಹಣ ಸಾಲಕ್ಕೆ ವಜಾ ಆಗುತ್ತದೆ. ‘ಸಬ್ಸಿಡಿ ಬಂದ ಮೇಲೆ ಟ್ರ್ಯಾಕ್ಟರ್ ಕೊಳ್ತೀವಿ’ ಎಂದುಕೊಂಡು ಅರ್ಜಿ ಹಾಕಿದವರು ಇಲ್ಲೇ ಎಡವುವುದು.

ಅದೇ ಗಾಣಕ್ಕೆ ಪಿಎಂಎಫ್‌ಎಂಇ ಹಿಡಿದರೆ ಲೆಕ್ಕ ಬೇರೆ. 2020ರಲ್ಲಿ ಬಂದ ಈ ಕೇಂದ್ರ ಯೋಜನೆಯ ಶೇ 35ಕ್ಕೆ ಕರ್ನಾಟಕ ಶೇ 15 ಸೇರಿಸಿ ಶೇ 50 ಮಾಡಿದೆ. ಮಿತಿ 15 ಲಕ್ಷ. ಹತ್ತು ಲಕ್ಷದ ಗಾಣಕ್ಕೆ 5 ಲಕ್ಷ ಸಹಾಯಧನ. ಆದರೆ ಕೈಯಿಂದ ಹಾಕುವ ಪಾಲು ಶೇ 10, ಅಂದರೆ ಒಂದು ಲಕ್ಷ. ಒಂದೇ ಘಟಕಕ್ಕೆ ಎರಡೂ ಕಡೆಯ ಬಂಡವಾಳ ಸಹಾಯಧನ ಸಿಗದು. ಆರಂಭದಲ್ಲಿ 50,000 ಹೊಂದಿಸುವುದೇ ಕಷ್ಟವಾದವರಿಗೆ ಮೊದಲನೆಯದು, ಕೈಯಲ್ಲಿ ಸ್ವಲ್ಪ ಹಣವಿದ್ದವರಿಗೆ ಎರಡನೆಯದು ಎಂದು ಹೇಳಿಕೊಡುವವರೊಬ್ಬರು ಬೇಕು.

ಪಿಎಂಎಫ್‌ಎಂಇಯಲ್ಲಿ ಅಂಥವರೊಬ್ಬರ ವ್ಯವಸ್ಥೆ ಇದೆ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂದು ಹೆಸರು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದರಿಂದ ಹಿಡಿದು ಆಹಾರ ಸುರಕ್ಷತೆಯ ನೋಂದಣಿವರೆಗೆ ಜೊತೆಗಿರುವುದು ಅವರ ಕೆಲಸ. ಸಾಲ ಮಂಜೂರಾದ ಪ್ರತಿ ಅರ್ಜಿಗೆ ಸರ್ಕಾರವೇ ಅವರಿಗೆ 20,000 ರೂಪಾಯಿ ಎರಡು ಕಂತಿನಲ್ಲಿ ಕೊಡುತ್ತದೆ. ಅರ್ಜಿದಾರರು ಕಾಸು ಕೊಡಬೇಕಿಲ್ಲ. ಸಣ್ಣ ಉದ್ದಿಮೆಗಾಗಿ ಬಂದ ಯೋಜನೆಗಳಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯ ಅಂಶ ಎನಿಸಿದ್ದು ಇದೇ. ಹಣದ ಜೊತೆಗೆ ಜೊತೆಗಾರನನ್ನೂ ಕೊಟ್ಟಿದೆ.

ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಪಟ್ಟಿಯಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಬಂದಿರುವುದು ಕೋಳಿ ಉತ್ಪನ್ನ. ಬೇರೆ ಆಹಾರ ಘಟಕಗಳೂ ಅರ್ಜಿ ಹಾಕಬಹುದು ಎನ್ನಿ. ಆದರೆ ದೇವನಹಳ್ಳಿಯ ಚಕ್ಕೋತಕ್ಕೂ ಈ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮಾನ್ಯತೆ ಪಡೆದ ಹಣ್ಣು ಒಂದು ಪಟ್ಟಿಯಲ್ಲಿ, ಬಂಡವಾಳದ ಆದ್ಯತೆ ಇನ್ನೊಂದು ಪಟ್ಟಿಯಲ್ಲಿ.

ವರ ಕೊಡದ ಪೂಜಾರಿ

ಯೋಜನೆ ಯಾರದೇ ಇರಲಿ, ಕೊನೆಗೆ ಸಾಲ ಕೊಡಬೇಕಾದದ್ದು ಬ್ಯಾಂಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಸಣ್ಣ ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಅಡಮಾನವಿಲ್ಲದ ಸಾಲಕ್ಕೆ ಖಾತರಿ ನಿಲ್ಲಲು ಪ್ರತ್ಯೇಕ ನಿಧಿಯೂ ಇದೆ. ಆದರೂ ಕೌಂಟರಿನ ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

‘ಜಾಗ ಯಾರ ಹೆಸರಲ್ಲಿದೆಯಮ್ಮಾ?’

‘ನಮ್ಮ ಮಾವನ ಹೆಸರಲ್ಲಿದೆ ಸಾರ್.’

‘ಇ–ಸ್ವತ್ತು ಆಗಿದೆಯಾ?’

‘ಇಲ್ಲ ಸಾರ್, ಪಂಚಾಯ್ತೀಲಿ ಕೊಟ್ಟಿದೀವಿ.’

‘ಆಯ್ತು, ಅದು ಆದ್ಮೇಲೆ ಬನ್ನಿ.’

ಬ್ಯಾಂಕಿನವರು ಸಬ್ಸಿಡಿ ಯೋಜನೆಗಳ ಬಗ್ಗೆ ಅನುಮಾನದಿಂದಿರುವುದಕ್ಕೆ ಅವರದೇ ಕಾರಣಗಳಿವೆ. ಸಬ್ಸಿಡಿಗಾಗಿಯೇ ಘಟಕ ತೋರಿಸಿ ಬಾಗಿಲು ಹಾಕಿದವರನ್ನು ಅವರು ಕಂಡಿದ್ದಾರೆ. ಸಿಬಿಲ್ ಸ್ಕೋರ್ ಇನ್ನೊಂದು ಗೋಡೆ. ಮೈಕ್ರೊ ಫೈನಾನ್ಸ್ ಸಾಲದ ವಾರದ ಕಂತು ತಪ್ಪಿಸಿಕೊಂಡ ಹೆಣ್ಣುಮಗಳ ಸ್ಕೋರ್ ಕುಸಿದಿರುತ್ತದೆ; ದುಬಾರಿ ಸಾಲದಿಂದ ಬಿಡಿಸಿಕೊಳ್ಳಲು ಅಗ್ಗದ ಸಾಲ ಬೇಕು, ದುಬಾರಿ ಸಾಲದ ಕಾರಣಕ್ಕೇ ಅಗ್ಗದ ಸಾಲ ಸಿಗದು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಕೂಗಾಡುವುದನ್ನು ಕಾನೂನು ತಡೆದೀತು, ಸ್ಕೋರ್ ಸರಿಪಡಿಸಲಾರದು.

ಚನ್ನರಾಯಪಟ್ಟಣದ 13 ಹಳ್ಳಿಗಳಿಗೆ ಇದರ ಮೇಲೊಂದು ಹೊರೆ ಇತ್ತು. ಸ್ವಾಧೀನದ ಅಧಿಸೂಚನೆ ತಲೆಯ ಮೇಲೆ ತೂಗುತ್ತಿರುವ ಜಮೀನಿನ ಪಹಣಿ ಹಿಡಿದು ಹೋದರೆ ಯಾವ ಮ್ಯಾನೇಜರ್ ತಾನೇ ಸಾಲ ಕೊಟ್ಟಾನು? ಮೂರು ವರ್ಷ ಶೆಡ್ ಕಟ್ಟುವ ಯೋಚನೆಗೂ ಧೈರ್ಯ ಸಾಲದ ಕಾಲ ಅದು. ಹೋರಾಟದ ಈ ನಷ್ಟವನ್ನು ಯಾವ ಪರಿಹಾರದ ಪಟ್ಟಿಯೂ ಬರೆದುಕೊಂಡಿಲ್ಲ.

ಪಂಚಾಯಿತಿ ಹಣ ಕೊಡುವುದಿಲ್ಲ, ಕಾಗದ ಕೊಡುತ್ತದೆ

ಸ್ಥಳೀಯ ಸರ್ಕಾರ ಏನು ಮಾಡುತ್ತದೆ ಎಂದು ಕೇಳಿದರೆ, ಸಾಲ ಕೊಡುವ ಯೋಜನೆ ಗ್ರಾಮ ಪಂಚಾಯಿತಿಯ ಬಳಿ ಇಲ್ಲ. ಆದರೆ ಸಾಲಕ್ಕೆ ಬೇಕಾದ ಕಾಗದಗಳು ಅಲ್ಲಿಂದಲೇ ಹೊರಡಬೇಕು. ಅಂಗಡಿಯ ಪರವಾನಗಿ, ಯಂತ್ರ ಕೂರಿಸಲು ಅನುಮತಿ, ಇ–ಸ್ವತ್ತಿನ ನಮೂನೆ 9 ಮತ್ತು 11, ಗ್ರಾಮೀಣ ಪ್ರದೇಶವೆಂಬ ದೃಢೀಕರಣ. ಮೇಲಿನ ಗಾಣದ ಲೆಕ್ಕಕ್ಕೆ ವಾಪಸು ಹೋದರೆ, ಶೇ 35ಕ್ಕೂ ಶೇ 25ಕ್ಕೂ ನಡುವಿನ ಅಂತರ ಒಂದು ಲಕ್ಷ ರೂಪಾಯಿ. ಪಿಡಿಒ ಸಹಿ ಇರುವ ಒಂದು ಹಾಳೆಯ ಬೆಲೆ ಅಷ್ಟು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ‘ಪಿಎಂ ವಿಶ್ವಕರ್ಮ’ ಪಂಚಾಯಿತಿಗೆ ಇನ್ನೂ ನೇರ ಪಾತ್ರ ಕೊಟ್ಟಿತು. ಕಮ್ಮಾರ, ಕುಂಬಾರ, ಬಡಗಿ, ಗಾರೆ ಕೆಲಸದವರು, ಕ್ಷೌರಿಕ, ದರ್ಜಿ, ಮಡಿವಾಳ, ಹೂಮಾಲೆ ಕಟ್ಟುವವರು ಸೇರಿ 18 ಕಸುಬುಗಳಿಗೆ ಇದು ಅನ್ವಯ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷ ಸಾಲ. ಅರ್ಜಿದಾರ ನಿಜಕ್ಕೂ ಆ ಕಸುಬಿನವನೇ ಎಂದು ಮೊದಲ ಹಂತದಲ್ಲಿ ಹೇಳುವುದು ಪಂಚಾಯಿತಿ. ಊರಿನ ದರ್ಜಿ ಯಾರೆಂದು ದೆಹಲಿಗಿಂತ ಊರಿಗೇ ಚೆನ್ನಾಗಿ ಗೊತ್ತು ಎಂಬ ತರ್ಕ ಇದರ ಹಿಂದಿದೆ. ಕೊರತೆಯೊಂದಿದೆ: ಆ ಹದಿನೆಂಟರಲ್ಲಿ ರೇಷ್ಮೆ ನೂಲು ತೆಗೆಯುವವರಿಲ್ಲ. ವಿಜಯಪುರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳ ನಡುವೆ ಬದುಕುವ ಈ ಸೀಮೆಯಲ್ಲಿ ಅದು ಸಣ್ಣ ಕೊರತೆಯಲ್ಲ. ಅವರಿಗೆ ರೇಷ್ಮೆ ಇಲಾಖೆಯ ಬಾಗಿಲು ಬೇರೆ.

ಪಂಚಾಯಿತಿಗಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಖಾಲಿತನ ಕಾಣುತ್ತದೆ. ಗ್ರಾಮೀಣ ಕುಶಲಕರ್ಮಿಗಳಿಗೆ ಸುಧಾರಿತ ಉಪಕರಣ, ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಡುವ ಜಿಲ್ಲಾ ಪಂಚಾಯಿತಿ ಕಾರ್ಯಕ್ರಮ ಹಳೆಯದು. ಅದನ್ನು ಯಾರಿಗೆ, ಎಷ್ಟು ಎಂದು ಕೇಳಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳಿದ್ದರು, ಪ್ರಶ್ನೆ ಕೇಳುವವರಿರಲಿಲ್ಲ.

ಸಂಘದ ದುಡ್ಡು, ದಾಖಲೆಯ ದಿಗಿಲು

ಇಷ್ಟರ ನಡುವೆಯೂ ಹಳ್ಳಿಗೆ ನಿಯಮಿತವಾಗಿ ಬಂಡವಾಳ ತಲುಪಿಸುತ್ತಿರುವುದು ಮಹಿಳಾ ಸಂಘಗಳು. ಗ್ರಾಮೀಣ ಜೀವನೋಪಾಯ ಮಿಷನ್ ಅಡಿ ಕರ್ನಾಟಕದಲ್ಲಿ ‘ಸಂಜೀವಿನಿ’ ಹೆಸರಿನಲ್ಲಿ ಪಂಚಾಯಿತಿಗೊಂದು ಒಕ್ಕೂಟ ಇದೆ. ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿ ಒಕ್ಕೂಟದ ಮೂಲಕ ಸಂಘಕ್ಕೆ, ಸಂಘದಿಂದ ಸದಸ್ಯರಿಗೆ ಹೋಗುತ್ತದೆ. ಆಹಾರ ತಯಾರಿಸುವ ಸಂಘಗಳಿಗೆ ಪಿಎಂಎಫ್‌ಎಂಇಯಿಂದ ಸದಸ್ಯೆಗೆ 40,000 ರೂಪಾಯಿಯಂತೆ ಮೂಲ ಬಂಡವಾಳವೂ ಇದೇ ದಾರಿಯಲ್ಲಿ ಬರುತ್ತದೆ. ಇಲ್ಲಿ ಅಡಮಾನ ಕೇಳುವವರಿಲ್ಲ. ಬದಲಿಗೆ ವಾರದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ಬರೆಯುವುದು ಎಂಬ ಪಂಚಸೂತ್ರ ಇದೆ. ಗಂಡ ಕೇಳಿದನೆಂದು ಸಾಲ ತೆಗೆದು ಕೊಡುವುದು ಇಲ್ಲೂ ಇದೆ. ಆದರೂ ‘ಇಂಥವಳ ಹಪ್ಪಳ ಚೆನ್ನಾಗಿ ಹೋಗುತ್ತೆ, ಇವಳಿಗೆ ಕೊಡೋಣ’ ಎನ್ನುವ ತಿಳಿವಳಿಕೆ ಯಾವ ಸಿಬಿಲ್‌ಗೂ ಇಲ್ಲ.

ಮಾರುಕಟ್ಟೆ ಕಲ್ಪಿಸುವ ಪ್ರಯತ್ನಗಳೂ ಆಗಿವೆ. 2024–25ರ ರಾಜ್ಯ ಬಜೆಟ್ ಸಂಘದ ಮಹಿಳೆಯರೇ ನಡೆಸುವ 50 ಕೆಫೆಗಳಿಗೆ 7.5 ಕೋಟಿ ರೂಪಾಯಿ ಘೋಷಿಸಿತು. ‘ಅಕ್ಕ ಕೆಫೆ’ಗಳು ಹುಟ್ಟಿದ್ದು ಹಾಗೆ. ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದಾಗಿನಿಂದ ಈ ತಾಲ್ಲೂಕಿನ ರಸ್ತೆಯಲ್ಲಿ ಹಸಿದ ಗಿರಾಕಿಗಳಿಗೆ ಬರವಿಲ್ಲ. ಊಟ ಹಾಕುವ ಕೈಗಳಿಗೆ ಅಂಗಡಿ ಸಿಗುವುದಷ್ಟೇ ಬಾಕಿ.

ಸಾಲದ ಮಾತೆತ್ತಿದರೆ ಹಿಂಜರಿಯುವವರೂ ಇದ್ದಾರೆ. ಅದಕ್ಕೂ 2025ರ ಜುಲೈ ಒಂದು ಕಾರಣ ಕೊಟ್ಟಿತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಬೇಕರಿ, ಟೀ ಅಂಗಡಿಗಳ ಕ್ಯೂಆರ್ ಕೋಡ್‌ಗಳು ಮಾಯವಾದವು. ಸರಕಿನ ವ್ಯಾಪಾರಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯ ವಾರ್ಷಿಕ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬ ನಿಯಮ ಹೊಸದಲ್ಲ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರಿಗೂ ನೋಟಿಸ್ ಹೋದದ್ದೇ ಗದ್ದಲಕ್ಕೆ ಕಾರಣ. ಜುಲೈ 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಜೊತೆ ಮಾತಾಡಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದರು. ಆದರೆ ಅಷ್ಟರಲ್ಲಿ ಒಂದು ಮಾತು ಹಳ್ಳಿಯ ಅಂಗಡಿಕಟ್ಟೆಗೂ ತಲುಪಿತ್ತು: ದಾಖಲೆಗೆ ಸಿಕ್ಕಿದರೆ ನೋಟಿಸ್ ಬರುತ್ತೆ. ಉದ್ಯಮ್ ನೋಂದಣಿಗೆ ಕಾಸಿಲ್ಲ; ಅದಿದ್ದರೆ ಬ್ಯಾಂಕಿನಲ್ಲಿ ಅನುಕೂಲ ಎಂದು ಒಂದು ಇಲಾಖೆ ಕರೆಯುತ್ತದೆ. ಇನ್ನೊಂದು ಇಲಾಖೆಯ ಭಯಕ್ಕೆ ಅಂಗಡಿಯವನು ಹೋಗುವುದಿಲ್ಲ.

ಬೆಟ್ಟದಾಚೆಯ ಹಳೆಯ ಯೋಚನೆ

ಸಣ್ಣ ಉದ್ದಿಮೆಯನ್ನು ಹಳ್ಳಿಯ ಮಟ್ಟದಲ್ಲೇ ಕಟ್ಟಬೇಕೆಂಬುದು ಈ ಸೀಮೆಗೆ ಹೊಸ ಮಾತಲ್ಲ. ನಂದಿ ಬೆಟ್ಟದ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ಇಳಿವಯಸ್ಸಿನಲ್ಲಿ ತುಂಬ ಹಚ್ಚಿಕೊಂಡದ್ದು ಅಣೆಕಟ್ಟೆಯನ್ನಲ್ಲ, ಗ್ರಾಮ ಕೈಗಾರಿಕೀಕರಣವನ್ನು. ಹತ್ತಿರದ ಹಳ್ಳಿಗಳನ್ನು ಗುಂಪು ಮಾಡಿ, ಗುಂಪಿಗೊಂದು ಸ್ಥಳೀಯ ಸಮಿತಿ ರಚಿಸಿ, ಊರಿನಲ್ಲಿ ಯಾವ ಕಸುಬು ಇದೆ, ಯಾವುದು ಬೇಕು, ಬಂಡವಾಳ ಎಷ್ಟು ಎಂದು ಸಮಿತಿಯೇ ಲೆಕ್ಕ ಹಾಕಬೇಕು ಎಂಬುದು ಅವರ ಕಲ್ಪನೆ. ಸ್ವಾತಂತ್ರ್ಯದ ಹೊಸತರಲ್ಲಿ ಮೈಸೂರು ಸಂಸ್ಥಾನ ಅದನ್ನು ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಿಸಿ ನೋಡಿತು.

ಆಮೇಲೆ ಬಂದದ್ದೆಲ್ಲ ಮೇಲಿನಿಂದ ಇಳಿದ ಸಂಸ್ಥೆಗಳು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ, 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1966ರ ಕಾನೂನಿನಡಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು. ಒಂದೊಂದೂ ತನ್ನ ಕಾಲಕ್ಕೆ ಬೇಕಿತ್ತು. ಆದರೆ ಇಳಿಯುತ್ತ ಇಳಿಯುತ್ತ ತಾಲ್ಲೂಕಿಗೆ ಬಂದು ನಿಂತವು. ತಾಲ್ಲೂಕಿಗೊಬ್ಬ ಕೈಗಾರಿಕಾ ವಿಸ್ತರಣಾಧಿಕಾರಿ; ಅಲ್ಲಿಗೆ ಕೊನೆ.

ಹೋಬಳಿಗೊಂದು ಕುರ್ಚಿ

ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೋಬಳಿಯಲ್ಲಿ ನಾಡಕಚೇರಿ ಇದೆ. ಬೀಜ, ಗೊಬ್ಬರ, ಟಾರ್ಪಾಲಿಗೆ ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರ ಇದೆ. ಅದೇ ರೈತನ ಮಗಳು ಗಾಣ ಹಾಕುತ್ತೇನೆಂದರೆ ಕೇಳಲು ಹೋಬಳಿಯಲ್ಲಿ ಯಾರೂ ಇಲ್ಲ. ಅವಳು ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೋ ಬೆಂಗಳೂರಿಗೋ ಬಸ್ಸು ಹತ್ತಬೇಕು, ಇಲ್ಲವೇ ಊರಿನ ದಲ್ಲಾಳಿಯ ಮನೆಗೆ ಹೋಗಬೇಕು. ‘ಸಬ್ಸಿಡಿ ಮಾಡಿಸಿಕೊಡ್ತೀನಿ’ ಎನ್ನುವವನ ವ್ಯಾಪಾರ ನಡೆಯುವುದು ಈ ಖಾಲಿ ಜಾಗದಲ್ಲೇ.

ಇದಕ್ಕೆ ಹೊಸ ಯೋಜನೆ ಬೇಡ. ನಾಡಕಚೇರಿಯಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ವಾರಕ್ಕೆ ಎರಡು ದಿನ ಒಂದು ಕುರ್ಚಿ ಸಾಕು. ಅದರಲ್ಲಿ ಕೂರುವವರಿಗೆ ಎಲ್ಲ ಯೋಜನೆಗಳೂ ಗೊತ್ತಿರಬೇಕು: ಇದು ಪಿಎಂಇಜಿಪಿಗೆ, ಇದು ವಿಶ್ವಕರ್ಮಕ್ಕೆ, ನಿಮಗೆ ಸಾಲವೇ ಬೇಡ, ಸಂಘದ ಹಣವೇ ಸಾಕು ಎಂದು ಹೇಳಬಲ್ಲವರಾಗಿರಬೇಕು. ಪಿಎಂಎಫ್‌ಎಂಇ ಮಾದರಿಯಲ್ಲೇ ಮಂಜೂರಾದ ಪ್ರತಿ ಅರ್ಜಿಗೆ ಸಂಭಾವನೆ ಕೊಟ್ಟರೆ ಖಜಾನೆಗೆ ಭಾರವಾಗದು. ತಿರಸ್ಕೃತವಾದ ಅರ್ಜಿಗೆ ಬ್ಯಾಂಕು ಕಾರಣ ಬರೆದು ಕೊಟ್ಟು, ಆ ಕಾರಣಗಳ ಪಟ್ಟಿ ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗೆ ಹೋದರೆ ‘ಆಮೇಲೆ ಬನ್ನಿ’ ಎನ್ನುವುದು ಅಷ್ಟು ಸುಲಭವಾಗದು.

ಅಲ್ಲಿಯವರೆಗೂ ಕಾಯಬೇಕಾಗಿಲ್ಲದ ಕೆಲಸಗಳು ಪಂಚಾಯಿತಿಯ ಕೈಯಲ್ಲೇ ಇವೆ. ಇ–ಸ್ವತ್ತು ಬಾಕಿ ಇರುವ ಅರ್ಜಿಗಳಲ್ಲಿ ಅಂಗಡಿ, ಘಟಕದವನ್ನು ಮೊದಲು ಮುಗಿಸಬಹುದು. ವಿಶ್ವಕರ್ಮಕ್ಕೆ ದೃಢೀಕರಿಸಿದವರ ಹೆಸರನ್ನು ಗ್ರಾಮಸಭೆಯಲ್ಲಿ ಓದಿ ಹೇಳಬಹುದು. ಸೂಜಿ ಹಿಡಿಯದ ದರ್ಜಿ ಯಾರೆಂದು ಸಭೆಯೇ ಹೇಳುತ್ತದೆ. ಯಾವ ಯೋಜನೆಯ ಅರ್ಜಿ ಯಾವ ತಿಂಗಳು ತೆರೆಯುತ್ತದೆ ಎಂಬುದನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸಬಹುದು, ಏಕೆಂದರೆ ದಿನಕ್ಕೆರಡು ಸಲ ಇಡೀ ಊರು ಬರುವುದು ಅಲ್ಲಿಗೆ. ಇವ್ಯಾವುದಕ್ಕೂ ವಿಧಾನಸೌಧದ ಆದೇಶ ಬೇಕಿಲ್ಲ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಮತ್ತು ಆ ಸಾಲು ಬಂದಾಗ ಸಭೆಯಲ್ಲಿ ಕೂತಿದ್ದು ಕೇಳುವವರು ಬೇಕು.